ತಪ್ಪಾದ ಮರುದಿನದ ಬಸ್ಸು

ನಮ್ಮ ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಬೆಳಿಗ್ಗೆ ಮೂವರು ಬಸ್ಸು ಹತ್ತಬೇಕಿತ್ತು: ಸುದ್ದಿ ಸಿದ್ಧಪಡಿಸಿದವರು, ಅಚ್ಚಿನ ಮೊಳೆ ಜೋಡಿಸಿದವರು ಮತ್ತು ಸಂಪಾದಕರು. ಯಾರ ಬಗ್ಗೆ ತಪ್ಪು ಬಂದಿದೆಯೋ ಅವರ ಮನೆಗೆ ಹೋಗಿ, ಸರಿಪಡಿಸಿ ಬರೆದದ್ದನ್ನು ಅವರ ಎದುರಿಗೆ ಓದಬೇಕು. ಅವರು ಹೌದು ಎಂದ ಮೇಲೆ ಗದಗಿಗೆ ಮರಳಿ ಅದನ್ನು ಅಚ್ಚಿಗೆ ಕೊಡಬೇಕು. ಇದನ್ನು ಯಾರೂ ಎಲ್ಲೂ ನಿಯಮವೆಂದು ಬರೆದಿಟ್ಟಿರಲಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲೇ ನಡೆದುಬಂದಿತ್ತು. ಮೊದಲ ತಿಂಗಳಲ್ಲೇ ನಾನೂ ಆ ಬಸ್ಸು ಹತ್ತಿದೆ.

ಪತ್ರಿಕೆ ನಾಲ್ಕು ಪುಟದ್ದು. ಸಂಜೆ ಪುಟ ಕಟ್ಟಿದರೆ ಬೆಳಗಿನ ಬಸ್ಸುಗಳಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಲುಪುತ್ತಿತ್ತು. ಕೆಳಗೆ ಮುದ್ರಣಾಲಯ, ಮೇಲೆ ನಮ್ಮ ಮೇಜು, ನಡುವೆ ಕಟ್ಟಿಗೆಯ ಏಣಿಯಂಥ ಮೆಟ್ಟಿಲು. ಇಪ್ಪತ್ಮೂರನೇ ವಯಸ್ಸಿನಲ್ಲಿ ಮುಳಗುಂದದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಾ ಶುರು ಮಾಡಿದವಳು, ಮೂವತ್ತಾರು ವರ್ಷ ಅದೇ ಮೆಟ್ಟಿಲು ಹತ್ತಿದೆ. ನಡುವೆ ಕುರ್ಚಿಗಳು ಬದಲಾದವು; ಆ ಪಟ್ಟಿ ಇಲ್ಲಿ ಬೇಡ. ಈ ಕೆಲಸಕ್ಕೆ ಈಗ ಬರುತ್ತಿರುವವರಿಗೆ ನಾನು ಹೇಳಬೇಕೆಂದಿರುವುದು ಬೇರೆ. ಒಂದೇ ಮೇಜು, ಅವೇ ಊರುಗಳು, ಅದೇ ಮಂದಿ ಇದ್ದರೂ ಮೇಲೆ ಕೂತವರು ಕೇಳುವ ಪ್ರಶ್ನೆ ಬದಲಾದರೆ ಕೆಲಸವೇ ಬೇರೆಯಾಗಿಬಿಡುತ್ತದೆ. ಅದನ್ನು ನಾನು ಎರಡು ಸಲ ಕಂಡೆ. ಈಗಲೂ ಸೋಜಿಗವೆನಿಸುತ್ತದೆ.

ಮೊದಲ ಸಂಪಾದಕರನ್ನು ಎಲ್ಲರೂ ದೊಡ್ಡ ಸರ ಎನ್ನುತ್ತಿದ್ದರು. ಅವರು ದನಿ ಏರಿಸಿದ್ದನ್ನು ನಾನು ಕೇಳಲಿಲ್ಲ. ಚೆನ್ನಾಗಿದೆ ಎಂದದ್ದನ್ನೂ ಕೇಳಲಿಲ್ಲ. ಯಾವ ಸುದ್ದಿ ಮುಂದಿಟ್ಟರೂ ಅವರದು ಒಂದೇ ಪ್ರಶ್ನೆ.

‘ಇದು ತಪ್ಪಾದರ ಯಾರ ಮನಿಗೆ ಹೋಗಬೇಕಾಗತೈತಿ?’

ಮೊದಲ ವಾರ ಹೊಂಬಳದಿಂದ ಬಂದ ನಾಲ್ಕು ಸಾಲಿನ ಸುದ್ದಿಗೆ ಶೀರ್ಷಿಕೆ ಬರೆದು ಒಯ್ದೆ. ಶೇಂಗಾ ಒಣಹಾಕಿದ್ದ ಕಣಕ್ಕೆ ಬಸ್ಸು ನುಗ್ಗಿದ ಸುದ್ದಿ. ಪ್ರಶ್ನೆ ಬಂತು. ಗೊತ್ತಿಲ್ಲ ಸರ ಎಂದೆ.

‘ಕಣ ಯಾರದು?’

‘ಅದನ್ನ ಬರದಿಲ್ಲರಿ.’

‘ಹಂಗಾರ ಅದು ಇನ್ನೂ ಸುದ್ದಿ ಆಗಿಲ್ಲ. ಗೊತ್ತಾದ ಮ್ಯಾಲೆ ತೊಗೊಂಡು ಬಾ.’

ಕೆಳಗೆ ಮೊಳೆ ಜೋಡಿಸುತ್ತಿದ್ದವರು ಖಾದರಸಾಬ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಸೀಸದ ಮೊಳೆಗಳನ್ನು ತಲೆಕೆಳಗಾಗಿ ಓದುವ ಅವರ ಕಣ್ಣನ್ನು ನೋಡುತ್ತಾ ನಿಲ್ಲುವುದು ನನಗೆ ರೂಢಿಯಾಗಿತ್ತು. ನಾನು ನೆಟ್ಟಗೆ ಓದಿ ಬಿಟ್ಟ ತಪ್ಪನ್ನು ಅವರು ಉಲ್ಟಾ ಓದಿ ಹಿಡಿಯುತ್ತಿದ್ದರು.

ನನ್ನ ಮೊದಲ ತಪ್ಪು ಬೆಟಗೇರಿಯದು. ಆಗ ಚಿತ್ರ ಅಚ್ಚಾಗಬೇಕಾದರೆ ಹುಬ್ಬಳ್ಳಿಯಿಂದ ಸತುವಿನ ಬ್ಲಾಕು ಮಾಡಿಸಿ ತರಬೇಕು. ಕಟ್ಟಿಗೆಯ ತುಂಡಿಗೆ ಬಡಿದ ಆ ಬ್ಲಾಕಿನ ಹಿಂದೆ ಯಾರ ಚಿತ್ರವೆಂದು ಪೆನ್ಸಿಲಿನಲ್ಲಿ ಬರೆದು ತಗಡಿನ ಡಬ್ಬಿಯಲ್ಲಿಡುವುದು ನನ್ನ ಕೆಲಸ. ನೇಕಾರರ ಸ್ಪರ್ಧೆಗೆ ಸೀರೆ ಕಳಿಸಿದ್ದ ಇಬ್ಬರ ಬ್ಲಾಕುಗಳು ಒಟ್ಟಿಗೆ ಬಂದಿದ್ದವು. ನಾನು ಅವಸರದಲ್ಲಿ ಎರಡರ ಹಿಂದೆಯೂ ‘ನೇಕಾರ, ಬೆಟಗೇರಿ’ ಎಂದಷ್ಟೇ ಬರೆದಿಟ್ಟೆ. ಪ್ರಶಸ್ತಿ ಬಂದದ್ದು ನಾರಾಯಣಪ್ಪ ಎಂಬವರಿಗೆ. ಅಚ್ಚಾದದ್ದು ತಿಪ್ಪಣ್ಣ ಎಂಬವರ ಮುಖ.

ಮರುದಿನ ಮೂವರೂ ಹೋದೆವು. ನಾರಾಯಣಪ್ಪನವರ ಮನೆಯಲ್ಲಿ ಕೆಲಸ ಸುಲಭವಾಯಿತು. ‘ಬಹುಮಾನ ಬಂದದ್ದು ಸೀರಿಗೆ. ನನ್ನ ಮಾರಿ ನೋಡಿ ಯಾರಿಗೇನು ಆಗಬೇಕಾಗೈತಿ?’ ಎಂದು ನಕ್ಕು ಕಳಿಸಿದರು.

ತಿಪ್ಪಣ್ಣನವರ ಮನೆಗೆ ಹೋದಾಗ ಅವರು ಒಗೆದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

‘ಬರ್ರಿ ಬರ್ರಿ. ನಿನ್ನಿಯಿಂದ ಓಣಿ ಮಂದಿ ಎಲ್ಲಾ ಬಂದು ಹೋದ್ರು,’ ಎಂದರು. ‘ನನಗ ಖಬರ ಬಂದಿರಲಿಲ್ಲ. ಪತ್ರಿಕಾದಾಗ ಐತಿ ಅಂದ ಮ್ಯಾಲೆ ಬಹುಮಾನ ಬಂದಿರಬೇಕು ಅನ್ಕೊಂಡೆ.’

ನಾನು ನೆಲ ನೋಡಿದೆ. ಖಾದರಸಾಬರು ಗೋಡೆ ನೋಡಿದರು. ದೊಡ್ಡ ಸರ ತಿಪ್ಪಣ್ಣನವರ ಮುಖ ನೋಡಿಯೇ ಹೇಳಿದರು, ‘ತಿಪ್ಪಣ್ಣಾರ, ಬಹುಮಾನ ನಿಮಗ ಬಂದಿಲ್ಲ. ನಾರಾಯಣಪ್ಪನವರಿಗೆ ಬಂದೈತಿ. ತಪ್ಪು ನಮ್ಮದು. ಅದನ್ನ ಹೇಳಾಕ ಬಂದೀವಿ.’

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. ‘ನಿನ್ನಿಯಿಂದ ಒಲಿ ಆರಿಸಿಲ್ಲ, ಬಂದವರಿಗೆಲ್ಲಾ ಚಾ ಕಾಸಿ ಕಾಸಿ ಸಾಕಾಗೈತಿ. ಈಗ ಇವರಿಗೂ ಇಡ್ಲೇನು?’

‘ಇಡು,’ ಎಂದರು ತಿಪ್ಪಣ್ಣ. ‘ಇವರಾದ್ರೂ ಖರೆ ಹೇಳಾಕ ಬಂದಾರ.’

ದೊಡ್ಡ ಸರ ಚಹಾ ಕುಡಿದು ಏಳಲಿಲ್ಲ. ನಿಮ್ಮ ಮಗ್ಗ ನೋಡಬಹುದೇ ಎಂದು ಕೇಳಿದರು. ಒಳಗಿದ್ದದ್ದು ಕುಣಿಮಗ್ಗ, ನೇಯುವವರು ನೆಲದ ಗುಂಡಿಯಲ್ಲಿ ಕಾಲು ಬಿಟ್ಟು ಕೂಡಬೇಕು. ತಿಪ್ಪಣ್ಣ ಒಗೆದ ಅಂಗಿ ತೆಗೆದಿಟ್ಟು ಗುಂಡಿಗಿಳಿದರು. ಲಾಳಿ ಓಡತೊಡಗಿತು. ಕತ್ತಲೆಯಂಥ ಆ ಕೋಣೆಯಲ್ಲಿ ಸಾವಿರಾರು ಎಳೆ ಬಿಗಿದು ನಿಂತಿದ್ದವು. ಒಮ್ಮೆ ಅವರು ಫಕ್ಕನೆ ನಿಲ್ಲಿಸಿದರು. ಕಣ್ಣಿಂದ ನೋಡಲಿಲ್ಲ, ಬೆರಳು ಹಾಸಿನ ಉದ್ದನೆಯ ಎಳೆಗಳ ಮೇಲೆ ಹಾಯಿತು, ಒಂದು ಕಡೆ ನಿಂತಿತು, ಹರಿದಿದ್ದ ಒಂದೇ ಒಂದು ಎಳೆಯನ್ನು ಮೇಲೆತ್ತಿ ಗಂಟು ಹಾಕಿತು. ನನಗೆ ಎಳೆ ಹರಿದದ್ದೂ ಕಂಡಿರಲಿಲ್ಲ, ಗಂಟು ಬಿದ್ದದ್ದೂ ಕಾಣಲಿಲ್ಲ.

ಮರಳುವಾಗ ಖಾದರಸಾಬರು ತಡೆದು ತಡೆದು ಮಾತಾಡಿದರು. ‘ಅಕ್ಕಾರ, ಅವನ ಕೆಲಸ ನನ್ನ ಕೆಲಸದಂಗ ಐತಿ. ಒಂದು ಎಳಿ ಬಿಟ್ಟರ ಕೆಳಗಿನ ತನಕ ಬಿಟ್ಟಂಗ.’ ನಾನು ಬರೆದ ತಿದ್ದುಪಡಿಗೆ ದೊಡ್ಡ ಸರ ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದರು: ‘ತಿಪ್ಪಣ್ಣನವರ ಮಗ್ಗದ ಮೇಲೆ ಈಗ ಹಸಿರು ಅಂಚಿನ ಸೀರೆಯೊಂದಿದೆ, ಅದರಲ್ಲಿ ಒಂದು ಎಳೆಯೂ ತಪ್ಪಿಲ್ಲ.’

ಬ್ಲಾಕಿನ ಹಿಂದೆ ಪೂರ್ತಿ ಹೆಸರು, ಮನೆತನ, ಓಣಿ ಬರೆಯುವುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಆಮೇಲೆ ಮುಂಡರಗಿ. ಐವತ್ತೆಂಟು ವರ್ಷದ ದರ್ಜಿಯೊಬ್ಬರ ವಯಸ್ಸು ಎಂಬತ್ತೈದು ಎಂದು ಅಚ್ಚಾಯಿತು. ಅಂಕಿ ಹಿಂದುಮುಂದಾದದ್ದು ಖಾದರಸಾಬರ ಕೈಯಲ್ಲಿ. ನಾವು ಹೋದಾಗ ದರ್ಜಿ ಹೊಲಿಗೆ ಯಂತ್ರದ ಮುಂದೆ ಕೈಕಟ್ಟಿ ಕೂತಿದ್ದರು.

‘ಎಂಬತ್ತೈದರ ಮುದುಕನ ಕೈಯಾಗ ಯಾರು ಬಟ್ಟಿ ಕೊಡತಾರರಿ? ನಿನ್ನಿ ಒಬ್ಬಾಂವ ಕುಬಸದ ಅರಬಿ ವಾಪಸ್ ಒಯ್ದ. ಅಜ್ಜಾ, ಆರಾಮ ಮಾಡು ಅಂತ ಹೇಳಿ ಹ್ವಾದ.’

ಖಾದರಸಾಬರು, ‘ತಪ್ಪು ನಂದರಿ,’ ಎಂದರು. ದರ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ ಒಂದು ಸೂಜಿ, ಒಂದು ದಾರ ತೆಗೆದು, ತೋಳು ಉದ್ದಕ್ಕೆ ಚಾಚಿ, ಒಂದೇ ಸಲಕ್ಕೆ ಪೋಣಿಸಿದರು. ‘ಈಗ ನೀ ಪೋಣಿಸಲೇ ತಮ್ಮಾ,’ ಎಂದು ಸೂಜಿ ಕೊಟ್ಟರು. ಖಾದರಸಾಬರೂ ಒಂದೇ ಸಲಕ್ಕೆ ಪೋಣಿಸಿದರು. ಇಬ್ಬರೂ ನಕ್ಕರು. ಅಲ್ಲಿಗೆ ಅದು ಮುಗಿಯಿತು.

ಬಸ್ಸಿಗೆ ಕಾಯುವಾಗ ಖಾದರಸಾಬರು ಗುಡ್ಡ, ಅಂಗಡಿ ಸಾಲು, ಜೋಳದ ಚೀಲ ಇಳಿಸುತ್ತಿದ್ದ ಟ್ರ್ಯಾಕ್ಟರು, ಎಲ್ಲವನ್ನೂ ಕಣ್ಣು ಅರಳಿಸಿ ನೋಡುತ್ತಿದ್ದರು. ‘ಮುಂಡರಗಿ ಅನ್ನೂ ಹೆಸರು ಎಷ್ಟು ಸಲ ಕೈಯಾಗ ಹಿಡದೀನೋ ಅಕ್ಕಾರ,’ ಎಂದರು. ‘ಕಣ್ಣಾರೆ ಇವತ್ತ ನೋಡಿದೆ.’ ಆಮೇಲೆ ಅವರು ಮುಂಡರಗಿಯ ಸುದ್ದಿ ಬಂದಾಗಲೆಲ್ಲ ಮೇಲೆ ಬಂದು, ದರ್ಜಿ ಅಂಗಡಿಯಿಂದ ಎಷ್ಟು ದೂರ ಎಂದು ಕೇಳುತ್ತಿದ್ದರು.

ಎಲ್ಲ ಪ್ರಯಾಣಗಳೂ ಹೀಗೆ ಮುಗಿಯುತ್ತಿರಲಿಲ್ಲ. ಲಕ್ಷ್ಮೇಶ್ವರದ ಆಚೆಯ ಹಳ್ಳಿಯೊಂದರಲ್ಲಿ ದೊಡ್ಡ ಜಮೀನಿನ ಗೌಡರೊಬ್ಬರು ಊರ ಬಂಡಿದಾರಿಗೆ ಬೇಲಿ ಹಾಕಿದ್ದಾರೆಂದು ಬರೆದಿದ್ದೆವು. ನಿಜವಾಗಿ ಹಾಕಿದವರು ಪಕ್ಕದ ಹೊಲದವರು. ನಾವು ಹೋದಾಗ ಗೌಡರು ಬಾಗಿಲು ತೆರೆಯಲಿಲ್ಲ. ಅಂಗಳದ ಬಿಸಿಲಿನಲ್ಲಿ ನಿಂತು ದೊಡ್ಡ ಸರ ಮುಚ್ಚಿದ ಬಾಗಿಲಿಗೇ ತಿದ್ದುಪಡಿ ಓದಿದರು. ಒಳಗಿನಿಂದ ದನಿ ಬಂತು.

‘ಕೇಳಸಲಿಲ್ಲ. ಇನ್ನೊಮ್ಮೆ ಓದ್ರಿ.’

ಓದಿದರು. ಆ ಹೊತ್ತಿಗೆ ಅಕ್ಕಪಕ್ಕದ ಮಾಳಿಗೆಗಳ ಮೇಲೆ ಜನ ನಿಂತಿದ್ದರು.

‘ಇನ್ನೊಮ್ಮೆ.’

ಮೂರನೇ ಸಲವೂ ಅದೇ ದನಿಯಲ್ಲಿ, ಒಂದು ಪದಕ್ಕೂ ಅವಸರ ಮಾಡದೆ ಓದಿದರು. ಬಾಗಿಲು ತೆರೆಯಿತು. ‘ಸಾಕು. ಊಟ ಮಾಡಿ ಹೋಗ್ರಿ,’ ಎಂದರು ಗೌಡರು. ಊಟಕ್ಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ ನಾನು ತಡೆಯಲಾರದೆ, ನಿಮಗೆ ಅವಮಾನ ಆಗಲಿಲ್ಲೇನು ಸರ ಎಂದು ಕೇಳಿದೆ.

‘ಓದಿದ್ದು ಖರೆ ಇತ್ತಲ್ಲ,’ ಎಂದು ಕಿಟಕಿಯ ಕಡೆ ತಿರುಗಿದರು.

ಅವರನ್ನು ದೇವರಾಗಿ ಮಾಡುವ ಇಚ್ಛೆ ನನಗಿಲ್ಲ. ಜ್ವರ ಬಂದ ವರದಿಗಾರನನ್ನೂ ಊರಿಗೆ ಕಳಿಸುತ್ತಿದ್ದರು. ಯಾರಿಗೂ ನಿನ್ನ ಕೆಲಸ ಹೇಗಿದೆ ಎಂದು ಹೇಳುತ್ತಿರಲಿಲ್ಲ. ವರ್ಷಗಟ್ಟಲೆ ನಾವು ಅವರ ಹುಬ್ಬು ನೋಡಿಯೇ ಅಂದಾಜು ಮಾಡಬೇಕಿತ್ತು. ಆರು ವರ್ಷ ನನ್ನನ್ನು ಮೇಜು ಬಿಟ್ಟು ಕದಲಲು ಬಿಡಲಿಲ್ಲ. ತಪ್ಪಿನ ಬಸ್ಸಿಗೆ ನಾನು ಬೇಕು, ವರದಿಗೆ ಬೇಡ. ಒಂದು ದಿನ ನೇರವಾಗಿ ಕೇಳಿದೆ. ‘ಹೆಣ್ಣಮಗಳು ಹಳ್ಳಿ ಹಳ್ಳಿ ತಿರಗಿದರ ನಿಮ್ಮ ಮನಿಯವರು ಏನಂದಾರು?’ ಎಂದರು.

‘ಸರ, ನೀವು ತಿಳಕೊಂಡದ್ದು ತಪ್ಪಾದರ ಯಾರ ಮನಿಗೆ ಹೋಗಬೇಕಾಗತೈತಿ?’ ಎಂದೆ.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಭಾನುವಾರ ಮುಳಗುಂದದ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಅಪ್ಪ ಗಾಬರಿಯಾಗಿ ಖುರ್ಚಿ ಹುಡುಕುತ್ತಿದ್ದರು.

‘ಕುಂಡ್ರೂದಿಲ್ಲರಿ,’ ಎಂದರು ದೊಡ್ಡ ಸರ. ‘ಆರು ವರ್ಷ ನಿಮ್ಮ ಮಗಳನ್ನ ಮೇಜಿಗೆ ಕಟ್ಟಿಹಾಕಿದ್ದೆ. ನಿಮ್ಮನ್ನ ಕೇಳದನ ನೀವು ಬ್ಯಾಡ ಅಂತೀರಿ ಅಂತ ತಿಳಕೊಂಡಿದ್ದೆ. ತಪ್ಪು ನಂದು.’

‘ಆಕಿ ಮನ್ಯಾಗೂ ಯಾರ ಮಾತೂ ಕೇಳಂಗಿಲ್ಲರಿ,’ ಎಂದರು ಅಪ್ಪ. ಸೋಮವಾರ ದೊಡ್ಡ ಸರ ನನ್ನನ್ನು ವರದಿಗೆ ಶಿರಹಟ್ಟಿಗೆ ಕಳಿಸಿದರು. ಅಧಿಕಾರದಲ್ಲಿರುವವರು ತಾವೇ ಮಾಡಿದ ನಿಯಮದ ಕೆಳಗೆ ಬಂದು ನಿಂತದ್ದನ್ನು ನಾನು ಆಮೇಲೆ ಬಹಳ ಸಲ ಕಾಣಲಿಲ್ಲ.

ಸೀಸದ ಮೊಳೆ ಹೋಗಿ ಕಂಪ್ಯೂಟರು ಬಂತು. ದೊಡ್ಡ ಸರ ಕೈ ನಡುಗುವ ತನಕ ಕೂತಿದ್ದು ಆಮೇಲೆ ಮನೆ ಹಿಡಿದರು. ಪತ್ರಿಕೆ ಬೇರೆಯವರ ಕೈಗೆ ಹೋಗಿ ಹೊಸ ಸರ ಬಂದರು. ಅವರ ಬಗ್ಗೆಯೂ ಇದ್ದದ್ದನ್ನು ಇದ್ದಂತೆ ಬರೆಯಬೇಕು. ಅವರು ಕೆಟ್ಟವರಲ್ಲ. ವಾರದ ರಜೆ ತಪ್ಪದೆ ಕೊಟ್ಟರು. ಹೆಣ್ಣುಮಕ್ಕಳನ್ನು ಮೊದಲ ದಿನದಿಂದಲೇ ವರದಿಗೆ ಕಳಿಸಿದರು. ಮೊಳೆ ಹೋದ ಮೇಲೆ ಖಾದರಸಾಬರು ಹುಡುಗನೊಬ್ಬ ಕಟ್ಟುವ ಪುಟಕ್ಕೆ ಕರಡು ನೋಡುತ್ತಾ ಪಕ್ಕದಲ್ಲಿ ಕೂಡುವಂತಾಗಿತ್ತು. ಆ ವಯಸ್ಸಿನಲ್ಲಿ ಅವರಿಗೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದನ್ನು ಪಕ್ಕದಲ್ಲಿ ಕೂತು ಕಲಿಸಿದವರು ಹೊಸ ಸರ. ‘ಚಲೋ ಆತು,’ ‘ಭಾಳ ಚಂದ ಬಂದೈತಿ’ ಎಂಬ ಮಾತುಗಳನ್ನು ನಮ್ಮ ಕಚೇರಿ ಮೊದಲ ಸಲ ಕೇಳಿದ್ದು ಅವರ ಬಾಯಲ್ಲಿ. ಅದು ಎಷ್ಟು ಹಿತವಾಗಿರುತ್ತದೆಂದು ನನಗೂ ಆಗಲೇ ಗೊತ್ತಾಯಿತು.

ಆದರೆ ಅವರ ಪ್ರಶ್ನೆ ಬೇರೆ. ಗೋಡೆಗೆ ಒಂದು ಬಿಳಿ ಹಲಗೆ ಬಂತು. ಅದರಲ್ಲಿ ನಮ್ಮೆಲ್ಲರ ಹೆಸರು, ಮುಂದೆ ಆ ದಿನ ಯಾರು ಎಷ್ಟು ಸುದ್ದಿ ಕೊಟ್ಟರೆಂಬ ಅಂಕಿ. ಒಳಗೆ ಬರುತ್ತಿದ್ದಂತೆಯೇ ಅವರು ಕೇಳುತ್ತಿದ್ದದ್ದು: ‘ಇವತ್ತ ಎಷ್ಟು?’ ಬಸ್ಸಿನ ರೂಢಿಯನ್ನು ಅವರೇನೂ ರದ್ದು ಮಾಡಲಿಲ್ಲ. ಅದಕ್ಕೆ ಹೊತ್ತು ಉಳಿಯಲಿಲ್ಲ. ಪತ್ರಿಕೆಗೆ ಹೊಸದಾಗಿ ಬಂದಿದ್ದ ಜಾಲತಾಣದಲ್ಲಿ ತಪ್ಪು ಬಂದರೆ ಎರಡು ಗುಂಡಿ ಒತ್ತಿದರೆ ಅಳಿಸಿಹೋಗುತ್ತಿತ್ತು. ಪತ್ರಿಕೆಯಲ್ಲಿ ಬಂದರೆ ಒಳಪುಟದ ಮೂಲೆಯಲ್ಲಿ ಎರಡು ಸಾಲು.

ನಾವು ಯಾರೂ ಎದುರಾಡಲಿಲ್ಲ. ಅದನ್ನೂ ಬರೆಯಬೇಕು. ಹಲಗೆಯ ಮೇಲೆ ನನ್ನ ಅಂಕಿ ದೊಡ್ಡದಿದ್ದ ದಿನ ನನಗೆ ಖುಷಿಯಾಗುತ್ತಿತ್ತು. ಕಣ ಯಾರದು ಎಂದು ಕೇಳುವುದನ್ನು ನಾನು ಯಾವ ದಿನ ಬಿಟ್ಟೆನೋ ನೆನಪಿಲ್ಲ. ಒಂದು ಸಂಜೆ ಪುಟ ಮುಗಿಸಿ ಕೂತಾಗ ಖಾದರಸಾಬರು ಹೇಳಿದರು, ‘ಅಕ್ಕಾರ, ಮೊದಲೆಲ್ಲಾ ದಿನಕ್ಕ ಒಂದು ಪುಟ ಕಟ್ಟಿ ಮನಿಗೆ ಹೋದರ ಹೆಂಡತಿಗೆ ಎಲ್ಲಾ ಊರಿನ ಸುದ್ದಿ ಹೇಳತಿದ್ದೆ. ಈಗ ನಾಕು ಪುಟ ಕಟ್ಟತೀನಿ. ಆಕಿ ಏನು ಬಂದೈತಿ ಅಂತ ಕೇಳಿದರ ಒಂದೂ ನೆನಪ ಆಗಂಗಿಲ್ಲ.’ ಆ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದೂ ಹೇಳಿದರು. ಅವರಿಗೆ ಆಯಾಸವಾಗಿರಲಿಲ್ಲ. ಬೇಸರವೂ ಅಲ್ಲ. ಕೈ ಓಡುತ್ತಿತ್ತು, ಆದರೆ ಅದು ಕಟ್ಟುವ ಸುದ್ದಿಯ ಹಿಂದೆ ಯಾರ ಮುಖವೂ ಇರಲಿಲ್ಲ.

ಅದೇ ತಿಂಗಳು, ನನ್ನ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿದ್ದಾಗ, ನಾನು ಕೊನೆಯ ದೊಡ್ಡ ತಪ್ಪು ಮಾಡಿದೆ. ಬೇರೆ ತಾಲೂಕಿನ ಊರೊಂದರಲ್ಲಿ ಕುಡಿಯುವ ನೀರಿನ ಶುದ್ಧೀಕರಣ ಘಟಕದ ಟಾಕಿಯಲ್ಲಿ ಹೊಲಸು ತುಂಬಿದ್ದರಿಂದ ಅದನ್ನು ಮುಚ್ಚಿಸಿದ ಸುದ್ದಿ ಬಂತು. ಅಲ್ಲಿಯ ಚಿತ್ರವಿರಲಿಲ್ಲ. ಕಂಪ್ಯೂಟರಿನ ಕಡತದಲ್ಲಿ ‘ನೀರಿನ ಘಟಕ, ಮಹಿಳೆ’ ಎಂಬ ಹಳೆಯ ಚಿತ್ರವೊಂದಿತ್ತು. ಆ ಹೆಸರು ಕೊಟ್ಟು ಅದನ್ನು ಅಲ್ಲಿಟ್ಟವಳೂ ನಾನೇ. ತೆಗೆದು ಕೊಟ್ಟೆ, ಖಾದರಸಾಬರು ಮೊದಲ ಪುಟದಲ್ಲಿ ಕೂರಿಸಿದರು. ಹಲಗೆಯ ಮೇಲೆ ನನ್ನ ಅಂಕಿ ಒಂದು ಹೆಚ್ಚಾಯಿತು.

ಮರುದಿನ ಮಧ್ಯಾಹ್ನ ಫೋನು ಬಂತು. ‘ಅಕ್ಕಾರ, ನಾ ಅಡರಕಟ್ಟಿ ಫಕೀರವ್ವ. ಫೋಟೋದಾಗ ನಿಂತಾಕಿ ನಾನ. ಕೆಳಗ ಬರದದ್ದು ನಂದಲ್ಲ.’ ದನಿಯಲ್ಲಿ ಸಿಟ್ಟಿರಲಿಲ್ಲ. ‘ಮುಂಜಾನಿಂದ ಒಂದು ಕೊಡ ನೀರ ಯಾರೂ ಒಯ್ದಿಲ್ಲ.’

ಎರಡು ವರ್ಷದ ಹಿಂದೆ ಅಡರಕಟ್ಟಿಯಲ್ಲಿ ಮಹಿಳೆಯರ ಗುಂಪೊಂದು ಇಂಥ ಘಟಕವನ್ನು ಚೆನ್ನಾಗಿ ನಡೆಸುತ್ತಿದೆಯೆಂದು ನಾನೇ ಬರೆದಿದ್ದೆ. ಆ ಚಿತ್ರ ಅದು. ಬ್ಲಾಕಿನ ಹಿಂದೆ ‘ನೇಕಾರ, ಬೆಟಗೇರಿ’ ಎಂದು ಪೆನ್ಸಿಲಿನಲ್ಲಿ ಬರೆದ ಹುಡುಗಿ ಮೂವತ್ತಾರು ವರ್ಷವಾದ ಮೇಲೆ ಅದೇ ಕೆಲಸ ಮಾಡಿದ್ದಳು.

ಹೊಸ ಸರ ಕೂಡಲೇ ಜಾಲತಾಣದ ಚಿತ್ರ ತೆಗೆಸಿದರು. ‘ನಾಳೆ ಮೂರನೇ ಪುಟದಾಗ ತಿದ್ದುಪಡಿ ಹಾಕೋಣ ಮೇಡಂ. ಇಷ್ಟಕ್ಕ ಯಾಕ ಮನಸ್ಸಿಗೆ ಹಚ್ಕೋತೀರಿ? ಯಾರಿಂದಾದರೂ ಆಗೂದ.’ ಸಮಾಧಾನ ಮಾಡುವ ಮಾತು ಅದು. ನಾನು ಹಿಂದಿರುಗಿ ಕೂತೆ. ಖಾದರಸಾಬರು ಪರದೆಯ ಮೇಲೆ ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದರು. ತುಂಬಿದ ಕ್ಯಾನುಗಳ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುತ್ತಿರುವ ಹೆಂಗಸು.

‘ಯಾರ ಮನಿಗೆ ಹೋಗಬೇಕು ಅಕ್ಕಾರ?’ ಎಂದರು.

ಎಷ್ಟೋ ವರ್ಷದ ಮೇಲೆ ಆ ಪ್ರಶ್ನೆ ಆ ಕೋಣೆಯಲ್ಲಿ ಕೇಳಿಸಿತು. ಮರುದಿನಕ್ಕೆ ಇಬ್ಬರೂ ರಜೆ ಬರೆದುಕೊಟ್ಟೆವು. ‘ಎರಡು ಸಾಲಿನ ಸಲುವಾಗಿ ಇಬ್ಬರೂ?’ ಎಂದರು ಹೊಸ ಸರ. ಬೇಡ ಎನ್ನಲಿಲ್ಲ. ತಿದ್ದುಪಡಿಯನ್ನು ಮಾತ್ರ ನಾವು ಬರುವ ತನಕ ತಡೆಯಿರೆಂದು ಕೇಳಿದೆ; ಅದಕ್ಕೂ ಒಪ್ಪಿದರು.

ಅಡರಕಟ್ಟಿಯಲ್ಲಿ ಇಳಿದಾಗ ಫಕೀರವ್ವ ಘಟಕದ ಬಾಗಿಲು ಹಾರುಹೊಡೆದು ಟಾಕಿ ತಿಕ್ಕುತ್ತಿದ್ದರು. ಮುಂದಿನ ಕಟ್ಟೆಯ ಮೇಲೆ ಏಳೆಂಟು ಮಂದಿ ಕೂತು ನೋಡುತ್ತಿದ್ದರು.

‘ಮೊನ್ನಿ ತಿಕ್ಕಿದ್ದನ್ನ ನಿನ್ನಿ ತಿಕ್ಕಿದೆ, ನಿನ್ನಿ ತಿಕ್ಕಿದ್ದನ್ನ ಇವತ್ತ ತಿಕ್ಕಾಕತ್ತೀನಿ,’ ಎಂದರು ಕೈ ಒರೆಸಿಕೊಳ್ಳುತ್ತಾ. ‘ನೋಡವರು ನೋಡ್ಲಿ ಅಂತ. ಬಿಸಲಾಗ ಬಂದೀರಿ, ಕುಂಡ್ರಿ. ಮೊದಲ ನೀರ ಕುಡೀರಿ.’

ಕಟ್ಟೆಯ ಮೇಲಿನ ಮುದುಕರೊಬ್ಬರು, ‘ನೋಡ್ಕೊಂಡು ಕುಡೀರಿ ಅಕ್ಕಾರ,’ ಎಂದರು.

‘ನೀ ನಾಕು ವರ್ಷ ಕುಡದು ಸತ್ತಿಯೇನೋ ಕಾಕಾ?’ ಎಂದರು ಫಕೀರವ್ವ ತಿರುಗಿ ಕೂಡ ನೋಡದೆ.

ಇಬ್ಬರೂ ತಂಬಿಗೆ ಎತ್ತಿ ಕುಡಿದೆವು. ನಾನು ತಿದ್ದುಪಡಿ ಓದಿದೆ. ಫಕೀರವ್ವ ಪೂರ್ತಿ ಕೇಳಿಸಿಕೊಂಡರು.

‘ಬರದದ್ದು ಚಲೋ ಐತಿ,’ ಎಂದರು. ‘ಆದರ ಅಕ್ಕಾರ, ನಿನ್ನಿ ಬರದದ್ದನ್ನ ಓದಿದವರು ಯಾರೂ ನೀರ ಬಿಟ್ಟಿಲ್ಲ. ಓದಿದವರಿಗೆ ಅದು ಬ್ಯಾರೆ ಊರು ಅಂತ ಗೊತ್ತಾಗೈತಿ. ಓದಾಕ ಬರಲಾರದವರು ನನ್ನ ಮಾರಿ ನೋಡ್ಯಾರ, ಟಾಕಿ ನೋಡ್ಯಾರ. ಆ ಫೋಟೋ ಎಲ್ಲಾರ ಫೋನಿನ್ಯಾಗ ಐತಿ. ಈ ತಿದ್ದುಪಡಿ ಅವರಿಗೆ ಹೆಂಗ ಮುಟ್ಟಸ್ತೀರಿ?’

ಸಾವಿರಾರು ತಿದ್ದುಪಡಿ ಬರೆದಿದ್ದೇನೆ. ಚಿತ್ರ ಮಾಡಿದ ತಪ್ಪನ್ನು ಅಕ್ಷರ ತಿದ್ದಲಾರದು ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆ ಹೆಂಗಸು ಟಾಕಿ ತಿಕ್ಕುವ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡೇ ಅದನ್ನು ಹೇಳಿದ್ದರು. ಕಚೇರಿಯಲ್ಲಿ ಕೂತು ತಿದ್ದುಪಡಿ ಹಾಕುವ ಯಾವ ಸಂಪಾದಕರಿಗೂ ಅದು ತಿಳಿಯುವಂತಿರಲಿಲ್ಲ. ದೊಡ್ಡ ಸರ ನಮ್ಮನ್ನು ಯಾಕೆ ಬಸ್ಸು ಹತ್ತಿಸುತ್ತಿದ್ದರು ಎಂಬುದು, ಸೇವೆ ಮುಗಿಯುವ ಹೊತ್ತಿಗೆ, ಆ ಕಟ್ಟೆಯ ಮುಂದೆ ನನಗೆ ಪೂರ್ತಿ ಅರ್ಥವಾಯಿತು. ಅಲ್ಲಿಯ ತನಕ ಅದನ್ನು ಕ್ಷಮೆ ಕೇಳುವ ರೀತಿ ಎಂದುಕೊಂಡಿದ್ದೆ. ಅದು ಕೇಳಿ ತಿಳಿದುಕೊಳ್ಳುವ ರೀತಿಯಾಗಿತ್ತು.

ಖಾದರಸಾಬರು ಆಗಲೇ ಫೋನು ತೆಗೆದಿದ್ದರು. ‘ಅವ್ವಾ, ನೀ ಮೊದಲ ನಿಂತಲ್ಲೇ ನಿಂದ್ರು. ಕ್ಯಾನ ಹಂಗ ಇಡು. ಅಕ್ಕಾರ, ನೀವು ತಂಬಗಿ ಎತ್ತಿ ಇನ್ನೊಮ್ಮೆ ಕುಡೀರಿ.’ ಆಮೇಲೆ ಕಟ್ಟೆಯ ಕಡೆ ತಿರುಗಿ, ‘ಕಾಕಾರ, ಬರ್ರಿ. ಪತ್ರಿಕಾದಾಗ ಬರೂ ಆಸೆ ಇಲ್ಲೇನು?’ ಎಂದರು. ಮುದುಕರು ಗೊಣಗುತ್ತಾ ಎದ್ದು ಬಂದು ರುಮಾಲು ಸರಿಮಾಡಿಕೊಂಡು ನಿಂತು ಕುಡಿದರು.

ಹೊಸ ಸರ ಅವರಿಗೆ ಫೋನು ಮಾಡಿದೆ. ಅದೇ ಪುಟ, ಅದೇ ಜಾಗ, ಅದೇ ಅಳತೆಯ ಚಿತ್ರ ಬೇಕೆಂದೆ. ‘ಮೊದಲ ಪುಟದಾಗ ತಪ್ಪು ಒಪ್ಪಿಕೊಂಡರ ಪತ್ರಿಕಾದ ಮರ್ಯಾದಿ ಏನಾಗತೈತಿ ಮೇಡಂ?’ ಎಂದರು. ನಾನು ವಾದ ಮಾಡಲಿಲ್ಲ. ಫಕೀರವ್ವ ಕೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಿದೆ. ನೋಡೋಣ ಎಂದು ಫೋನು ಇಟ್ಟರು.

ಬಸ್ಸಿಗೆ ಹೊರಟಾಗ ಫಕೀರವ್ವ ಕೇಳಿದರು, ‘ನಿಮ್ಮ ಸಾಹೇಬ್ರು ಬರಲಿಲ್ಲೇನ್ರಿ?’ ಖಾದರಸಾಬರು, ‘ಬರತಾರವ್ವ,’ ಎಂದುಬಿಟ್ಟರು. ಅವರು ಹಾಗೆ ಸುಳ್ಳು ಹೇಳುವವರಲ್ಲ.

ಬಸ್ಸು ಮುಳಗುಂದ ದಾಟುವಾಗ ಖಾದರಸಾಬರ ಫೋನು ಬಡಿದುಕೊಂಡಿತು. ಹೊಸ ಸರ. ‘ಮೊನ್ನಿ ಆ ಫೋಟೋ ಎಷ್ಟು ಅಳತಿ ಹಾಕಿದ್ದಿರಿ ಖಾದರಸಾಬ್ರ?’

‘ಮೂರು ಕಾಲಂ ಸರ, ಹದಿನಾರು ಸೆಂಟಿಮೀಟರ್,’ ಎಂದರು ಯೋಚನೆ ಕೂಡ ಮಾಡದೆ.

‘ಅಷ್ಟ ಜಾಗಾ ಬಿಟ್ಟು ಇಟ್ಟೀನಿ. ಜಲ್ದಿ ಬರ್ರಿ.’

ಆ ಸಂಜೆ ರಜೆಯಲ್ಲಿದ್ದ ಖಾದರಸಾಬರೇ ಪುಟ ಕಟ್ಟಿದರು. ಕಟ್ಟುವಾಗ ಮೊದಲ ಸಲ ಪಕ್ಕದ ವರದಿಗಾರ್ತಿಯರು ಎದ್ದು ಬಂದು ಅವರ ಬೆನ್ನ ಹಿಂದೆ ನಿಂತಿದ್ದರು. ಈಕೆ ಯಾರು, ಆ ಅಜ್ಜ ಯಾರು ಎಂದು ಒಬ್ಬೊಬ್ಬರಾಗಿ ಕೇಳಿದರು. ಅವರು ಎಲ್ಲರಿಗೂ ಹೇಳಿದರು. ಬಹುಶಃ ಮನೆಗೆ ಹೋಗಿ ಹೆಂಡತಿಗೂ ಹೇಳಿರಬೇಕು. ಆ ತಿಂಗಳ ಕೊನೆ ಬಂತು, ಹೋಯಿತು; ಅವರು ಕೆಲಸ ಬಿಡುವ ಮಾತೆತ್ತಲಿಲ್ಲ.

ಪತ್ರಿಕೆ ಅಡರಕಟ್ಟಿ ಮುಟ್ಟಿದ ದಿನ ಹತ್ತು ಗಂಟೆಯ ಸುಮಾರಿಗೆ ಫಕೀರವ್ವನ ಫೋನು ಬಂತು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

‘ನೀರಿಗೆ ಬಂದಾರೇನವ್ವ?’ ಎಂದೆ.

‘ನೀವ ಕೇಳ್ರಿ,’ ಎಂದು ಅವರು ಫೋನನ್ನು ಎಲ್ಲೋ ಹಿಡಿದರು. ಖಾಲಿ ಕೊಡಕ್ಕೆ ನೀರು ಬೀಳುವ ದೊಡ್ಡ ಸದ್ದು ಕೇಳಿಸಿತು. ಕೊಡ ತುಂಬುತ್ತಾ ಸದ್ದು ಸಣ್ಣದಾಗಿ, ಮೇಲೇರಿ, ನಿಂತಿತು. ಇನ್ನೊಂದು ಖಾಲಿ ಕೊಡ ಇಟ್ಟ ಸದ್ದು. ಹಿಂದೆ ಹೆಂಗಸರು ಪಾಳಿಯ ಸಲುವಾಗಿ ಜಗಳಾಡುತ್ತಿದ್ದರು. ಮೂವತ್ತಾರು ವರ್ಷದಲ್ಲಿ ನಾನು ಅಚ್ಚಿಗೆ ಕೊಟ್ಟದ್ದೊಂದು ಹೀಗೆ ಸದ್ದು ಮಾಡಿದ್ದನ್ನು ಅದೇ ಮೊದಲು ಕೇಳಿದೆ.

ಹೊಸ ಸರ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಫೋನು ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದರು. ಹಲಗೆಯ ಕಡೆ ನೋಡಲಿಲ್ಲ. ಆ ದಿನ ಎಷ್ಟು ಎಂದು ಕೇಳಲೂ ಇಲ್ಲ.

‘ಖಾದರಸಾಬ್ರ,’ ಎಂದರು, ‘ಅಡರಕಟ್ಟಿಗೆ ಬಸ್ಸು ಎಷ್ಟಕ್ಕೈತಿ?’